ಹಿಮದ ಬಲೂನು ಮತ್ತು ಮಾವನ ಕಾಲು

ವ್ಯಾಪಾರಿಗೆ ಬಾಯಿಯೇ ಬಂಡವಾಳ ಎಂದು ಹೇಳುವುದುಂಟು. ಬೋಡಿನಾಯಕನೂರಿನಲ್ಲಿರುವ ನಮ್ಮ ಸೋದರಮಾವ ಮಾತ್ರ ಈ ಮಾತನ್ನು ಒಪ್ಪುತ್ತಿರಲಿಲ್ಲ. “ಬಾಯಿ ಎಲ್ಲರಿಗೂ ಇದೆಯಪ್ಪ. ಕಾಲು ಸವೆಸಿದವನಿಗೆ ಮಾತ್ರ ವ್ಯಾಪಾರ” ಎನ್ನುತ್ತಿದ್ದರು. ಸಕಲೇಶಪುರದ ಕಡೆಯಿಂದ ಏಲಕ್ಕಿ ವ್ಯಾಪಾರಕ್ಕೆಂದು ಚಿಕ್ಕ ವಯಸ್ಸಿನಲ್ಲೇ ಹೋಗಿ ಅಲ್ಲಿ ನೆಲೆಸಿದವರು ಅವರು. ಇಡುಕ್ಕಿ ಬೆಟ್ಟಗಳ ಏಲಕ್ಕಿ ಬೋಡಿಮೆಟ್ಟು ಘಟ್ಟ ಇಳಿದು ಈ ಊರಿಗೆ ಬರುತ್ತದೆ. ಮಂಡಿಯಿಂದ ಹರಾಜಿಗೆ, ಹರಾಜಿನಿಂದ ಗೋದಾಮಿಗೆ, ಗೋದಾಮಿನಿಂದ ಬ್ಯಾಂಕಿಗೆ ಮಾವ ನಡೆದೇ ಹೋಗುತ್ತಿದ್ದರು. ಕಂಬಂ ಕಣಿವೆಯಲ್ಲಿ ತಲೆಮಾರುಗಳಿಂದ ಮನೆಯಲ್ಲಿ ಕನ್ನಡ ಮಾತನಾಡುವ ಒಕ್ಕಲು ಕುಟುಂಬಗಳಿವೆ. ದಾರಿಯಲ್ಲಿ ಅವರು ಸಿಕ್ಕರೆ ನಿಂತು ಎರಡು ಮಾತಾಡುವುದೂ ಮಾವನ ದಿನಚರಿಯೇ ಆಗಿತ್ತು.

2014ರಲ್ಲಿ ಈ ನಿಲ್ಲುವುದು ಹೆಚ್ಚಾಯಿತು. ಮಾತಾಡಲು ಯಾರೂ ಇಲ್ಲದಿದ್ದರೂ ಮಾವ ನಿಲ್ಲತೊಡಗಿದರು. ಇನ್ನೂರು ಹೆಜ್ಜೆ ನಡೆದರೆ ಸಾಕು, ಬಲಗಾಲಿನ ಮೀನಖಂಡವನ್ನು ಯಾರೋ ಹಿಂಡಿದಂತಾಗುತ್ತಿತ್ತು. ಎರಡು ನಿಮಿಷ ನಿಂತರೆ ನೋವು ಮಾಯ. ಮತ್ತೆ ಇನ್ನೂರು ಹೆಜ್ಜೆ, ಮತ್ತೆ ಅದೇ ನೋವು. ಸುಮ್ಮನೆ ನಿಂತರೆ ಜನ ಏನೆಂದುಕೊಂಡಾರು ಎಂದು ಪಾತ್ರೆ ಅಂಗಡಿ, ಬಟ್ಟೆ ಅಂಗಡಿಗಳ ಮುಂದೆ ನಿಂತು ಬೇಡದ ವಸ್ತುಗಳ ಬೆಲೆ ಕೇಳುತ್ತಿದ್ದರು. ಜರ್ಮನಿಯಲ್ಲಿ ಈ ರೋಗಕ್ಕೆ ‘ಅಂಗಡಿ ಕಿಟಕಿಯ ಕಾಯಿಲೆ’ ಎಂಬ ಆಡುಮಾತಿನ ಹೆಸರೇ ಇದೆಯೆಂದು ನಮಗೆ ಆಮೇಲೆ ತಿಳಿಯಿತು. ಅಲ್ಲಿನ ರೋಗಿಗಳೂ ಅಂಗಡಿಯ ಗಾಜು ನೋಡುವ ನೆಪದಲ್ಲೇ ನಿಲ್ಲುತ್ತಾರಂತೆ!

ಮನೆಯಲ್ಲಿ ಎಲ್ಲರೂ “ವಯಸ್ಸಾಯಿತು, ವಾಯು ಇರಬೇಕು” ಎಂದೆವು. ಅತ್ತೆ ಎಣ್ಣೆ ಕಾಯಿಸಿ ತಿಕ್ಕಿದರು. ಮಾವನಿಗೆ ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ ಇತ್ತು. ಇನ್ನೊಂದು ಸಂಗತಿಯೂ ಇತ್ತು. ಗೋದಾಮಿನ ಹಿಂಬದಿಯಲ್ಲಿ ಅವರು ದಿನಕ್ಕೆ ಐದಾರು ಸಿಗರೇಟು ಸೇದುತ್ತಿದ್ದರು. ಅದು ಮನೆಯವರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದಂತೆ ಇರುವುದೇ ಮರ್ಯಾದೆ ಎಂದು ಸುಮ್ಮನಿದ್ದೆವು. ಆ ಮರ್ಯಾದೆಗೆ ತೆತ್ತ ಬೆಲೆ ಎಷ್ಟೆಂಬುದನ್ನು ನಮ್ಮ ಸಮಾಜದ ಇತರ ಕುಟುಂಬಗಳೂ ತಿಳಿಯಲಿ ಎಂದೇ ಈ ಲೇಖನ.

ನಾಳದೊಳಗೆ ನಡೆಯುವುದೇನು?

ಹೃದಯದಿಂದ ಶುದ್ಧ ರಕ್ತವನ್ನು ಒಯ್ಯುವ ಕೊಳವೆಗೆ ಧಮನಿ ಎನ್ನುತ್ತಾರೆ. ವರ್ಷಗಳು ಕಳೆದಂತೆ ಅದರ ಒಳಗೋಡೆಯಲ್ಲಿ ಕೊಬ್ಬು, ಸುಣ್ಣ ಮತ್ತು ನಾರಿನಂಥ ಪದಾರ್ಥ ಸೇರಿ ಗಡ್ಡೆ ಕಟ್ಟುತ್ತದೆ. ಹೊಗೆ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಮತ್ತು ಕೊಲೆಸ್ಟರಾಲ್ ಈ ಕೆಲಸವನ್ನು ಬೇಗ ಮಾಡಿಸುತ್ತವೆ. ಹೃದಯದ ಧಮನಿಯಲ್ಲಿ ಹೀಗಾದರೆ ಎದೆನೋವು, ಮೆದುಳಿನ ಧಮನಿಯಲ್ಲಾದರೆ ಲಕ್ವ, ಕಾಲಿನ ಧಮನಿಯಲ್ಲಾದರೆ ನಡೆಯುವಾಗ ನೋವು. ಕಾಲಿನ ಧಮನಿ ಕಿರಿದಾದವರ ಹೃದಯದ ಧಮನಿಯೂ ಕಿರಿದಾಗಿರುವ ಸಂಭವ ಹೆಚ್ಚು. ಆದ್ದರಿಂದ ಕಾಲುನೋವು ಬರೀ ಕಾಲಿನ ಮಾತಲ್ಲ.

ಕಂಬಂ ಕಣಿವೆಯವರಿಗೆ ಇದನ್ನು ವಿವರಿಸುವುದು ಸುಲಭ. 1895ರಲ್ಲಿ ಪೆರಿಯಾರ್ ಅಣೆಕಟ್ಟು ಕಟ್ಟಿ, ಪಶ್ಚಿಮಕ್ಕೆ ಹರಿಯುವ ನೀರನ್ನು ಬೆಟ್ಟದೊಳಗಿನ ಸುರಂಗದ ಮೂಲಕ ಈ ಕಣಿವೆಗೆ ತಿರುಗಿಸಿದರು. ಇಲ್ಲಿನ ಭತ್ತದ ಗದ್ದೆಗಳು ಆ ನೀರನ್ನೇ ನಂಬಿವೆ. ಸುರಂಗದಲ್ಲಿ ಹೂಳು ತುಂಬಿದರೆ ಗದ್ದೆ ಒಣಗುವಂತೆ ಧಮನಿ ಕಟ್ಟಿದರೆ ಪಾದ ಒಣಗುತ್ತದೆ. ಅದರಲ್ಲೂ ಭೌತಶಾಸ್ತ್ರದ ಒಂದು ಕಠಿಣ ನಿಯಮವಿದೆ. ಒತ್ತಡ ಅಷ್ಟೇ ಇದ್ದು ಸಣ್ಣ ಕೊಳವೆಯ ಅಗಲ ಅರ್ಧಕ್ಕೆ ಇಳಿದರೆ ಹರಿವು ಅರ್ಧವಾಗುವುದಿಲ್ಲ, ಹದಿನಾರರಲ್ಲಿ ಒಂದು ಪಾಲಾಗುತ್ತದೆ. ಅಕ್ಕಪಕ್ಕದ ಸಣ್ಣ ನಾಳಗಳು ಸ್ವಲ್ಪ ರಕ್ತ ತಂದುಕೊಡುವುದರಿಂದ ಕುಳಿತಿರುವಾಗ ಏನೂ ತಿಳಿಯುವುದಿಲ್ಲ. ನಡೆಯುವಾಗ ಸ್ನಾಯು ಹೆಚ್ಚು ರಕ್ತ ಕೇಳುತ್ತದೆ, ಸಿಗುವುದಿಲ್ಲ, ನೋಯುತ್ತದೆ.

ಮಾವನ ಬಲಗಾಲಿನ ಕಿರುಬೆರಳಿಗೆ ಹೊಸ ಚಪ್ಪಲಿ ಕಚ್ಚಿ ಗಾಯವಾಯಿತು. ಆರು ವಾರವಾದರೂ ಮಾಯಲಿಲ್ಲ. ಕೊನೆಗೆ ತೇನಿಯಲ್ಲಿ ಒಬ್ಬ ಯುವ ವೈದ್ಯರಿಗೆ ತೋರಿಸಿದೆವು. ಅವರು ಗಾಯ ನೋಡುವ ಮೊದಲು ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದರು. ಸಿಗಲಿಲ್ಲ. ಆಮೇಲೆ ತೋಳಿನ ರಕ್ತದೊತ್ತಡ ಅಳೆದರು, ಕಾಲಿನ ಹರಡಿನ ಬಳಿಯೂ ಅಳೆದರು. ತೋಳಿನಲ್ಲಿ 140, ಹರಡಿನಲ್ಲಿ 70. ಹರಡಿನ ಅಂಕಿಯನ್ನು ತೋಳಿನ ಅಂಕಿಯಿಂದ ಭಾಗಿಸಿದರೆ ಅರ್ಧ. ಆರೋಗ್ಯವಂತರಲ್ಲಿ ಇದು ಒಂದರ ಆಸುಪಾಸಿನಲ್ಲಿರಬೇಕು. 0.9ಕ್ಕಿಂತ ಕಡಿಮೆಯಾದರೆ ಧಮನಿ ಕಿರಿದಾಗಿದೆ ಎಂದು ಅರ್ಥ. ಹತ್ತು ನಿಮಿಷದ, ಸೂಜಿ ಚುಚ್ಚದ ಪರೀಕ್ಷೆ ಇದು. ಸಕ್ಕರೆ ಕಾಯಿಲೆಯ ಕೆಲವರಲ್ಲಿ ಧಮನಿ ಸುಣ್ಣಗಟ್ಟಿ ಗಡುಸಾಗಿರುವುದರಿಂದ ಅಂಕಿ ಸುಳ್ಳು ಹೇಳುವುದುಂಟು. ಅಂಥವರಿಗೆ ಬೇರೆ ಪರೀಕ್ಷೆ ಬೇಕಾಗುತ್ತದೆ. “ನಾಳೆಯೇ ಮಧುರೆಗೆ ಹೊರಡಿ” ಎಂದರು ಆ ವೈದ್ಯರು.

ಬಲೂನು ಬಂದ ಬಗೆ

ಆಗ ಬೋಡಿಗೆ ರೈಲು ಇರಲಿಲ್ಲ. ಹಳೆಯ ಮೀಟರ್ ಗೇಜ್ ಹಳಿ ಕಿತ್ತಿದ್ದರು, ಹೊಸ ರೈಲು ಬೋಡಿ ಮುಟ್ಟಿದ್ದು 2023ರಲ್ಲಿ. ತೊಂಬತ್ತು ಕಿಲೋಮೀಟರ್ ಕಾರಿನಲ್ಲಿ ಹೋದೆವು. ಮಧುರೆಯ ರಕ್ತನಾಳ ತಜ್ಞರು ಬಣ್ಣದ ಔಷಧ ಹಾಯಿಸಿ ಚಿತ್ರ ತೆಗೆದರು. ತೊಡೆಯ ಧಮನಿ ಒಂದು ಕಡೆ ದಾರದಷ್ಟು ಸಣ್ಣಗಾಗಿತ್ತು. “ಬಲೂನು ಹಾಕಿ ಅಗಲಿಸೋಣ. ತಡ ಮಾಡಬೇಡಿ ಅಯ್ಯಾ” ಎಂದರು.

ಓದುಗರಿಗೆ ಈ ಬಲೂನಿನ ಚರಿತ್ರೆಯನ್ನು ಸ್ವಲ್ಪ ಹೇಳಬೇಕು. ಕತ್ತರಿ ಹಾಕದೆ ಧಮನಿ ತೆರೆಯುವ ವಿದ್ಯೆ ಮೊದಲು ಶುರುವಾದದ್ದು ಹೃದಯದಲ್ಲಲ್ಲ, ಕಾಲಿನಲ್ಲಿ. 1964ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದಲ್ಲಿ ಚಾರ್ಲ್ಸ್ ಡಾಟರ್ ಎಂಬ ವೈದ್ಯರು 82 ವರ್ಷದ ಅಜ್ಜಿಯೊಬ್ಬರ ತೊಡೆಯ ಧಮನಿಯೊಳಗೆ ಒಂದಕ್ಕಿಂತ ಒಂದು ದಪ್ಪನೆಯ ನಳಿಕೆಗಳನ್ನು ತೂರಿಸಿ ದಾರಿ ಬಿಡಿಸಿದರು. ಕಾಲು ಕತ್ತರಿಸಲು ಆ ಅಜ್ಜಿ ಒಪ್ಪಿರಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ತಣ್ಣಗಿದ್ದ ಪಾದ ಬೆಚ್ಚಗಾಯಿತು. ಎರಡೂವರೆ ವರ್ಷದ ಬಳಿಕ ಬೇರೆ ಕಾರಣದಿಂದ ತೀರಿಕೊಳ್ಳುವವರೆಗೂ ಆಕೆ ತನ್ನ ಎರಡೂ ಕಾಲಿನ ಮೇಲೆಯೇ ನಡೆದರು.

ಡಾಟರ್ ಅವರ ವಿದ್ಯೆಗೆ ಬಲೂನು ಜೋಡಿಸಿದವರು ಜರ್ಮನ್ ವೈದ್ಯ ಆಂಡ್ರಿಯಾಸ್ ಗ್ರುಂಟ್ಜಿಗ್. ಸ್ವಿಟ್ಜರ್‌ಲ್ಯಾಂಡಿನ ಜೂರಿಕ್‌ನಲ್ಲಿ ತಮ್ಮ ಅಡಿಗೆಮನೆಯ ಮೇಜಿನ ಮೇಲೆಯೇ ಅವರು ಸಣ್ಣ ಬಲೂನುಗಳನ್ನು ತಯಾರಿಸುತ್ತಿದ್ದರು. 1974ರಲ್ಲಿ ಅದನ್ನು ಕಾಲಿನ ಧಮನಿಯಲ್ಲಿ ಬಳಸಿದರು. 1977ರ ಸೆಪ್ಟೆಂಬರ್ 16ರಂದು ಹೃದಯದ ಧಮನಿಯಲ್ಲಿ ಬಳಸಿದರು. ಇಂದು ನಮ್ಮ ಊರುಗಳಲ್ಲೂ ಮನೆಮಾತಾಗಿರುವ ಆಂಜಿಯೋಪ್ಲಾಸ್ಟಿ ಇದೇ.

ಆದರೆ ಬಲೂನಿಗೆ ಒಂದು ಶಾಪವಿದೆ. ಬಲೂನು ಗಡ್ಡೆಯನ್ನು ಒತ್ತಿ ದಾರಿ ಮಾಡುವಾಗ ಧಮನಿಯ ಗೋಡೆಗೆ ಪೆಟ್ಟಾಗುತ್ತದೆ. ಗಾಯ ಮಾಯುವಾಗ ಚರ್ಮದ ಮೇಲೆ ಕಲೆ ಕಟ್ಟುವಂತೆ ನಾಳದೊಳಗೂ ಸ್ನಾಯುಕೋಶಗಳು ಬೆಳೆದು ಕೆಲವು ತಿಂಗಳಲ್ಲಿ ದಾರಿಯನ್ನು ಮತ್ತೆ ಕಿರಿದಾಗಿಸುತ್ತವೆ. ತೊಡೆಯ ಧಮನಿ ಉದ್ದವಾದದ್ದು, ನಡೆದಾಗಲೆಲ್ಲ ಬಾಗಿ ತಿರುಚುವಂಥದು. ಅಲ್ಲಿ ಈ ತೊಂದರೆ ಇನ್ನೂ ಹೆಚ್ಚು.

ಹಿಮದ ಬಲೂನು

ಮಾವನ ಮಗ ಅಮೆರಿಕದಲ್ಲಿದ್ದ. ಅಂದು ರಾತ್ರಿ ಫೋನಿನಲ್ಲಿ, “ಅಪ್ಪನಿಗೆ ಸಾದಾ ಬಲೂನು ಬೇಡ. ಇಲ್ಲಿ ತಣ್ಣನೆಯ ಬಲೂನು ಇದೆ. ಮತ್ತೆ ಕಟ್ಟಿಕೊಳ್ಳುವುದಿಲ್ಲವಂತೆ. ನಾನು ವಿಚಾರಿಸುತ್ತೇನೆ, ಅಲ್ಲಿಯತನಕ ಕಾಯಿರಿ” ಎಂದ. ಮಗನ ಮಾತು, ಅದರಲ್ಲೂ ಅಮೆರಿಕದ ಮಾತು. ನಾವು ಕಾದೆವು.

ಅವನು ಹೇಳಿದ ವಸ್ತು ನಿಜವಾದದ್ದೇ. ಅದರ ಹೆಸರು ಕ್ರಯೋಪ್ಲಾಸ್ಟಿ. ಕ್ಯಾಲಿಫೋರ್ನಿಯದ ಒಂದು ಕಂಪನಿ ತಯಾರಿಸಿದ ‘ಪೋಲಾರ್‌ಕ್ಯಾತ್’ ಎಂಬ ಉಪಕರಣಕ್ಕೆ 2002ರಲ್ಲಿ ಅಮೆರಿಕ ಸರ್ಕಾರದ ಔಷಧ ಇಲಾಖೆ ಅನುಮತಿ ಕೊಟ್ಟಿತ್ತು. ಸಾದಾ ಬಲೂನಿನಲ್ಲಿ ಬಣ್ಣದ ಔಷಧ ಬೆರೆಸಿದ ದ್ರವ ತುಂಬುತ್ತಾರೆ. ಇದರಲ್ಲಿ ನೈಟ್ರಸ್ ಆಕ್ಸೈಡ್ ತುಂಬುತ್ತಾರೆ. ಹಲ್ಲಿನ ವೈದ್ಯರು ನೋವು ತಿಳಿಯದಿರಲು ಮೂಸಿಸುತ್ತಿದ್ದ ನಗೆ ಅನಿಲವೇ ಇದು. ಸಿಲಿಂಡರಿನಲ್ಲಿ ದ್ರವವಾಗಿರುವ ಅದು ಬಲೂನಿನೊಳಗೆ ಹೊಕ್ಕು ಅನಿಲವಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಅಂಗೈಗೆ ಸ್ಪಿರಿಟ್ ಹಚ್ಚಿದರೆ ಅದು ಆರುವಾಗ ತಣ್ಣಗಾಗುವುದಿಲ್ಲವೇ, ಹಾಗೆಯೇ. ಒಂದೇ ಅನಿಲ ಬಲೂನನ್ನು ಉಬ್ಬಿಸುತ್ತದೆ, ಸೊನ್ನೆಗಿಂತ 10 ಡಿಗ್ರಿ ಸೆಲ್ಸಿಯಸ್ ಕೆಳಗೆ ತಣಿಸುತ್ತದೆ. 20 ಸೆಕೆಂಡು ಹೀಗೆ ಹಿಡಿದು ಆಮೇಲೆ ಬಿಡುತ್ತಾರೆ.

ಇದರಿಂದ ಮೂರು ಲಾಭಗಳನ್ನು ನಿರೀಕ್ಷಿಸಿದ್ದರು. ಹೆಪ್ಪುಗಟ್ಟಿದ ಗಡ್ಡೆ ಸಣ್ಣ ಸಣ್ಣ ಬಿರುಕು ಬಿಟ್ಟು ಒತ್ತಡಕ್ಕೆ ಸುಲಭವಾಗಿ ಬಗ್ಗುತ್ತದೆ. ಧಮನಿಯ ಗೋಡೆ ರಬ್ಬರಿನಂತೆ ಹಿಂದಕ್ಕೆ ಸೆಳೆದುಕೊಳ್ಳುವುದು ಕಡಿಮೆಯಾಗುತ್ತದೆ. ಮೂರನೆಯದಾಗಿ, ಮುಂದೆ ಬೆಳೆದು ದಾರಿ ಮುಚ್ಚಬೇಕಾದ ಸ್ನಾಯುಕೋಶಗಳು ಚಳಿಯ ಹೊಡೆತಕ್ಕೆ ತಾವಾಗಿಯೇ ಸದ್ದಿಲ್ಲದೆ ಸಾಯುತ್ತವೆ. ಕೇಳಿದರೆ ಯಾರಿಗಾದರೂ ಮನಸ್ಸು ಕರಗುವ ಯುಕ್ತಿ.

ಹೃದಯದ ಬಡಿತ ತಪ್ಪುವ ಒಂದು ರೋಗಕ್ಕೂ ತಣ್ಣನೆಯ ಬಲೂನನ್ನು ಬಳಸುತ್ತಾರೆ. ಅದು ಬೇರೆ ಚಿಕಿತ್ಸೆ. ಅದರ ಕೆಲಸ ತಪ್ಪುದಾರಿಯ ವಿದ್ಯುತ್ ಸಂಚಾರವನ್ನು ತಡೆಯುವುದು, ಕಿರಿದಾದ ನಾಳವನ್ನು ಅಗಲಿಸುವುದಲ್ಲ. ಹೆಸರು ಒಂದೇ ತರಹ ಇರುವುದರಿಂದ ಓದುಗರು ಗೊಂದಲಪಡಬಾರದು.

ಒಂದೇ ಜರಡಿಯಲ್ಲಿ

ನಾವು ಕಾದದ್ದು ಹತ್ತು ದಿನ. ಎಂಟನೆಯ ದಿನ ಮಾವನ ಕಿರುಬೆರಳು ಕಪ್ಪಾಗತೊಡಗಿತು. ರಾತ್ರಿ ಮಲಗಿದರೆ ಪಾದ ಉರಿಯುತ್ತಿತ್ತು. ಮಂಚದಿಂದ ಕಾಲು ಇಳಿಬಿಟ್ಟರೆ ಮಾತ್ರ ಸ್ವಲ್ಪ ಸಮಾಧಾನ. ಅತ್ತೆ ಅಳುತ್ತಾ ಕುಳಿತಿದ್ದರು. ಮತ್ತೆ ಮಧುರೆಗೆ ಓಡಿದೆವು.

ತಜ್ಞರು ನಮ್ಮನ್ನು ಗದರಲಿಲ್ಲ. ತಣ್ಣನೆಯ ಬಲೂನಿನ ವಿಚಾರವನ್ನು ನಾನೇ ಎತ್ತಿದೆ. “ಗೊತ್ತು” ಎಂದು ಅವರು ಸಾವಧಾನವಾಗಿ ಲೆಕ್ಕ ಒಪ್ಪಿಸಿದರು. 2005ರಲ್ಲಿ ಪ್ರಕಟವಾದ ಒಂದು ವರದಿಯಲ್ಲಿ 102 ರೋಗಿಗಳಿಗೆ ಈ ಚಿಕಿತ್ಸೆ ಮಾಡಿದ್ದರು. ಒಂಬತ್ತು ತಿಂಗಳ ನಂತರವೂ ನೂರಕ್ಕೆ ಸುಮಾರು 82 ಮಂದಿಗೆ ಮತ್ತೆ ಚಿಕಿತ್ಸೆ ಬೇಕಾಗಿರಲಿಲ್ಲ. ಎಲ್ಲರೂ ಸಂತೋಷಪಟ್ಟರು. ಆದರೆ ಆ ವರದಿಯಲ್ಲಿ ಸಾದಾ ಬಲೂನು ಹಾಕಿಸಿಕೊಂಡವರ ಗುಂಪೇ ಇರಲಿಲ್ಲ!

ಮಾವ ಮಲಗಿದ್ದಲ್ಲಿಂದಲೇ ತಲೆಯೆತ್ತಿದರು. “ಎರಡು ಲಾಟು ಏಲಕ್ಕಿಯನ್ನು ಬೇರೆ ಬೇರೆ ಜರಡಿಯಲ್ಲಿ ಹಾಕಿ ಯಾವುದು ದಪ್ಪ ಎಂದು ಹೇಳಿದ ಹಾಗೆ” ಎಂದರು.

“ಅದೇ ಅಯ್ಯಾ. ಆಮೇಲೆ ಒಂದೇ ಜರಡಿಯಲ್ಲಿ ಹಾಕಿ ನೋಡಿದರು” ಎಂದರು ವೈದ್ಯರು. ಹಾಗೆ ಹೋಲಿಸಿ ನೋಡಿದ ಏಳು ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಕಾಕ್ರೇನ್ ಎಂಬ ಸಂಸ್ಥೆ ಪರಾಮರ್ಶೆ ನಡೆಸಿತು. ಸಾದಾ ಬಲೂನಿಗಿಂತ ಹಿಮದ ಬಲೂನು ಮೇಲು ಎಂದು ಸಿದ್ಧಪಡಿಸಲಾಗಲಿಲ್ಲ. ಒಂದು ಕಡೆ ಮಾತ್ರ ಆಶಾದಾಯಕ ಫಲ ಸಿಕ್ಕಿತ್ತು. 2012ರಲ್ಲಿ ಪ್ರಕಟವಾದ ‘ಕೋಬ್ರಾ’ ಎಂಬ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆಯ 74 ರೋಗಿಗಳ ತೊಡೆಯ ಧಮನಿಗೆ ಲೋಹದ ಜಾಲರಿ, ಅಂದರೆ ಸ್ಟೆಂಟ್ ಹಾಕಿದ ಮೇಲೆ ಅದರೊಳಗೆ ಬಲೂನು ಉಬ್ಬಿಸಿದ್ದರು. ಒಂದು ವರ್ಷದಲ್ಲಿ ಮತ್ತೆ ಕಿರಿದಾದದ್ದು ಹಿಮದ ಬಲೂನಿನಲ್ಲಿ ನೂರಕ್ಕೆ 29, ಸಾದಾ ಬಲೂನಿನಲ್ಲಿ ನೂರಕ್ಕೆ 56. ಚಿಕ್ಕ ಅಧ್ಯಯನ, ವಿಶೇಷ ಸಂದರ್ಭ. ಎಲ್ಲರ ಕಾಲಿಗೂ ಅದೇ ಲೆಕ್ಕ ಹಚ್ಚುವಂತಿಲ್ಲ.

“ನಿಮ್ಮ ಮಗ ಹೇಳಿದ್ದು ಸುಳ್ಳಲ್ಲ, ಅಪೂರ್ಣ” ಎಂದರು ಅವರು. “ಯಾವ ಬಲೂನು ಎಂಬುದಕ್ಕಿಂತ ಯಾವಾಗ ಎಂಬುದು ನಿಮ್ಮ ಕಾಲಿಗೆ ಮುಖ್ಯ.”

ಅಂದೇ ಸಾದಾ ಬಲೂನು ಹಾಕಿದರು. ಮರುದಿನ ಪಾದದಲ್ಲಿ ನಾಡಿ ಸಿಕ್ಕಿತು. ಪಾದ ಉಳಿಯಿತು, ಕಿರುಬೆರಳು ಉಳಿಯಲಿಲ್ಲ. ಕಾಯದೆ ಇದ್ದರೆ ಅದೂ ಉಳಿಯುತ್ತಿತ್ತೇನೋ. ಈ ಮಾತನ್ನು ಮಾವ ಇಂದಿಗೂ ಮಗನಿಗೆ ಹೇಳಿಲ್ಲ. ನಮಗೂ ಹೇಳಬೇಡಿ ಎಂದಿದ್ದರು. ಈಗ ಮಗನೇ ಬರೆಯಲು ಹೇಳಿದ್ದರಿಂದ ಬರೆದಿದ್ದೇನೆ.

ಬಲೂನಿನ ನಂತರ

ನಾವು ಕಲಿತ ಎರಡನೆಯ ಪಾಠ ಇನ್ನೂ ಕಹಿ. ಚಿಕಿತ್ಸೆಯಾಯಿತು, ದಾರಿ ತೆರೆಯಿತು ಎಂದು ಮಾವ ಆರು ತಿಂಗಳಲ್ಲೇ ಗೋದಾಮಿನ ಹಿಂಬದಿಗೆ ಹೋಗತೊಡಗಿದರು. 2016ರಲ್ಲಿ ಅದೇ ಜಾಗ ಮತ್ತೆ ಕಿರಿದಾಯಿತು. ಮತ್ತೊಮ್ಮೆ ಬಲೂನು, ಮತ್ತೊಮ್ಮೆ ಖರ್ಚು. ಬಲೂನು ಹಳೆಯ ಬಾಕಿಯನ್ನು ತೀರಿಸೀತು. ದಿನವೂ ಹೊಸ ಸಾಲ ಮಾಡಿದರೆ ಅದು ತಾನೆ ಏನು ಮಾಡೀತು?

ದಿಂಡಿಗಲ್ ಸೀಮೆ ತಂಬಾಕಿಗೆ ಹಿಂದಿನಿಂದ ಹೆಸರಾದದ್ದು. ಬ್ರಿಟಿಷರ ಕಾಲದಲ್ಲಿ ಅಲ್ಲಿನ ಚುರುಟು ಹಡಗು ಹತ್ತಿ ಹೋಗುತ್ತಿತ್ತು. ಪಕ್ಕದ ವೇಡಸಂದೂರಿನಲ್ಲಿ ತಂಬಾಕು ಸಂಶೋಧನೆಯ ಸರ್ಕಾರಿ ಕೇಂದ್ರವೇ ಇದೆ. ಅಲ್ಲಿಗೆ ವ್ಯಾಪಾರಕ್ಕೆ ಹೋದವರಿಗೆ ಚುರುಟು, ಬೀಡಿ, ಹೊಗೆಸೊಪ್ಪು ಕೈಗೆಟಕುವ ಉಪಚಾರ. ಕಾಲಿನ ಧಮನಿಗೆ ಹೊಗೆಯಷ್ಟು ದೊಡ್ಡ ಶತ್ರು ಬೇರೊಂದಿಲ್ಲ. ಬಲೂನು ಹಾಕಿಸಿಕೊಂಡೂ ಸೇದುವವರಿಗೆ ಕಾಲು ಕಳೆದುಕೊಳ್ಳುವ ಅಪಾಯ ಬಿಟ್ಟವರಿಗಿಂತ ಬಹಳ ಹೆಚ್ಚು. ಎರಡನೆಯ ಬಲೂನಿನ ದಿನ ಅತ್ತೆ ಮೊದಲ ಸಲ ಬಾಯಿಬಿಟ್ಟು, “ನಿಮ್ಮ ಸಿಗರೇಟು ನನಗೆ ಇಪ್ಪತ್ತು ವರ್ಷದಿಂದ ಗೊತ್ತು” ಎಂದರು. ಮಾವ ಅಂದೇ ಬಿಟ್ಟರು.

ಈಗ ವೈದ್ಯರ ಕೈಯಲ್ಲಿ ಸಾದಾ ಬಲೂನು, ಸ್ಟೆಂಟ್, ಔಷಧ ಲೇಪಿಸಿದ ಬಲೂನು ಮೊದಲಾದ ಉಪಾಯಗಳಿವೆ. ತೊಡೆಯ ಧಮನಿಗೆ ಔಷಧ ಲೇಪಿತ ಬಲೂನು ಬಳಸಲು ಅಮೆರಿಕದಲ್ಲಿ ಮೊದಲ ಅನುಮತಿ ಸಿಕ್ಕಿದ್ದು 2014ರಲ್ಲಿ. 2018ರಲ್ಲಿ ಅದರ ಸುರಕ್ಷತೆಯ ಬಗ್ಗೆ ಅನುಮಾನ ಎದ್ದಿತು. ಹೆಚ್ಚಿನ ಲೆಕ್ಕ ನೋಡಿದ ಮೇಲೆ 2023ರಲ್ಲಿ ಅಲ್ಲಿನ ಇಲಾಖೆಯೇ ಆ ಅನುಮಾನಕ್ಕೆ ಆಧಾರ ಕಾಣುತ್ತಿಲ್ಲವೆಂದಿತು. ಹೊಸದೆಂದು ಹಿಗ್ಗುವುದೂ ಬೇಡ, ಹೊಸದೆಂದು ಹೆದರುವುದೂ ಬೇಡ. ‘ಹೋಲಿಸಿ ನೋಡಿದ್ದಾರೆಯೇ?’ ಎಂದು ಕೇಳುವ ಅಭ್ಯಾಸ ಇರಲಿ.

ನಮ್ಮ ಕೈಯಲ್ಲಿರುವ ಔಷಧ

ಕಾಲಿನ ಧಮನಿ ಕಿರಿದಾದವರಿಗೆ, ಗಾಯ ಇಲ್ಲದಿದ್ದರೆ, ನಡಿಗೆಯೇ ಮೊದಲ ಔಷಧ. ನೋವು ಬರುವವರೆಗೆ ನಡೆಯಬೇಕು, ನಿಲ್ಲಬೇಕು, ನೋವು ಹೋದ ಮೇಲೆ ಮತ್ತೆ ನಡೆಯಬೇಕು. ಹೀಗೆ ಒಂದು ಸಲಕ್ಕೆ 30ರಿಂದ 45 ನಿಮಿಷ, ವಾರಕ್ಕೆ ಮೂರು ದಿನವಾದರೂ, ಕನಿಷ್ಠ ಮೂರು ತಿಂಗಳು. ಸ್ನಾಯುಗಳು ಸಿಕ್ಕ ರಕ್ತವನ್ನೇ ಚೆನ್ನಾಗಿ ಬಳಸಲು ಕಲಿಯುತ್ತವೆ. ನೋವಿಲ್ಲದೆ ನಡೆಯುವ ದೂರ ಹೆಚ್ಚುತ್ತದೆ. ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ತಮಿಳುನಾಡು ಸರ್ಕಾರ 2023ರ ನವೆಂಬರಿನಲ್ಲಿ ಎಲ್ಲ 38 ಜಿಲ್ಲೆಗಳಲ್ಲೂ 8 ಕಿಲೋಮೀಟರಿನ ನಡಿಗೆಯ ದಾರಿ ಗುರುತಿಸಿ ‘ನಡಪ್ಪೋಂ ನಲಂ ಪೆರುವೋಂ’, ಅಂದರೆ ನಡೆಯೋಣ, ಆರೋಗ್ಯ ಪಡೆಯೋಣ ಎಂಬ ಕಾರ್ಯಕ್ರಮ ಆರಂಭಿಸಿತು.

2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ. ಗಲ್ಲಾದ ಮುಂದೆ ದಿನವೆಲ್ಲ ಕೂರುವ ನಮ್ಮ ಮನೆಗಳಲ್ಲಿ ಅದು ಅಪರೂಪವೇನಲ್ಲ. ಅಂಥವರ ಪಾದ ಜೋಮು ಹಿಡಿದಿರುವುದರಿಂದ ಗಾಯವಾದರೂ ತಿಳಿಯುವುದಿಲ್ಲ. ನಮ್ಮ ಆಚಾರಕ್ಕೆ ಸಂಬಂಧಿಸಿದ ಎರಡು ಎಚ್ಚರಿಕೆಗಳನ್ನು ವೈದ್ಯರೇ ಹೇಳಿದರು. ಬಸದಿಯ ಅಂಗಳ, ಬೆಟ್ಟದ ಬಂಡೆ ಬಿಸಿಲಿಗೆ ಕಾದಿರುವಾಗ ಬರಿಗಾಲಲ್ಲಿ ಹೋಗಬಾರದು. ಬೆಳಗಿನ ತಂಪಿನಲ್ಲಿ, ದಪ್ಪ ಕಾಲುಚೀಲ ಹಾಕಿ ಹೋಗಬೇಕು. ಪರ್ವದಲ್ಲಿ ಉಪವಾಸ ಮಾಡುವವರು ಸಕ್ಕರೆಯ ಮಾತ್ರೆ, ಇನ್ಸುಲಿನ್ ಬಗ್ಗೆ ಮೊದಲೇ ವೈದ್ಯರೊಡನೆ ಮಾತಾಡಬೇಕು.

ತಣ್ಣಗಾದ ಪಾದಕ್ಕೆ ಬಿಸಿನೀರಿನ ಚೀಲ ಇಡಬೇಡಿ. ಸುಟ್ಟರೂ ತಿಳಿಯದು. ಎರಡು ವಾರದಲ್ಲಿ ಮಾಯದ ಗಾಯ, ರಾತ್ರಿ ಎಚ್ಚರಗೊಳಿಸುವ ಪಾದದ ನೋವು, ಕಪ್ಪಾಗುವ ಬೆರಳು ಕಂಡರೆ ಕಾಯಬೇಡಿ. ಇದ್ದಕ್ಕಿದ್ದಂತೆ ಕಾಲು ತಣ್ಣಗಾಗಿ, ಬಿಳಚಿಕೊಂಡು, ಜೋಮು ಹಿಡಿದು ವಿಪರೀತ ನೋಯತೊಡಗಿದರೆ ಅದು ಗಂಟೆಗಳ ಲೆಕ್ಕ. ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಹೊರಡಬೇಕು.

2018ರಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕದ ಗದ್ದಲ ಮುಗಿದ ಮೇಲೆ, ಆ ವರ್ಷದ ಡಿಸೆಂಬರಿನಲ್ಲಿ ಮಾವನನ್ನು ವಿಂಧ್ಯಗಿರಿಗೆ ಕರೆದುಕೊಂಡು ಹೋದೆವು. ಡೋಲಿ ಮಾಡೋಣ ಎಂದರೆ ಒಪ್ಪಲಿಲ್ಲ. ಆರುನೂರಕ್ಕೂ ಹೆಚ್ಚು ಮೆಟ್ಟಿಲು. ಬೆಳಗಿನ ಚಳಿಯಲ್ಲಿ, ದಪ್ಪ ಕಾಲುಚೀಲ ಹಾಕಿ, ಏಳು ಸಲ ನಿಂತು ಹತ್ತಿದರು. ಈ ಸಲ ನಿಂತಾಗ ಯಾವ ಅಂಗಡಿಯ ನೆಪವನ್ನೂ ಹೂಡಲಿಲ್ಲ. “ಕಾಲು ಕೇಳುತ್ತಿದೆ, ಸ್ವಲ್ಪ ನಿಲ್ಲೋಣ” ಎಂದು ಬಾಯಿಬಿಟ್ಟು ಹೇಳಿದರು.

ಈಗ ಅವರಿಗೆ ಎಪ್ಪತ್ತೈದು ದಾಟಿದೆ. ರಾತ್ರಿ ಅಂಗಡಿಯ ಲೆಕ್ಕ ಮುಗಿದ ಮೇಲೆ ಅತ್ತೆ ದೀಪದ ಕೆಳಗೆ ಅವರ ಎರಡೂ ಪಾದಗಳನ್ನು ಹಿಡಿದು, ಬೆರಳ ಸಂದಿ ಬಿಡಿಸಿ, ಅಂಗಾಲು ತಿರುಗಿಸಿ ನೋಡುತ್ತಾರೆ. ಎರಡು ನಿಮಿಷದ ಕೆಲಸ. ನಿಮ್ಮ ಮನೆಯ ಹಿರಿಯರಿಗೂ ಇಂದು ರಾತ್ರಿಯಿಂದಲೇ ಅದನ್ನು ಆರಂಭಿಸಿರಿ.